ಕುರ್ಚಿ ಢಾಕಾದ್ದು, ಕೀಲಿಕೈ ಯಾರದು?

2021ರ ಫೆಬ್ರುವರಿಯಲ್ಲಿ ಮಕ್ಕಳ ಅಪೌಷ್ಟಿಕತೆಯ ತಜ್ಞ ತಹ್ಮೀದ್ ಅಹ್ಮದ್ ಢಾಕಾದ ಐಸಿಡಿಡಿಆರ್‌ಬಿ ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕರಾದರು. ಅತಿಸಾರ ರೋಗಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಎಂಬುದು ಆ ಅಕ್ಷರಗಳ ಸಾರ. ಊರವರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಕಾಲರಾ ಆಸ್ಪತ್ರೆ’. 1960ರಲ್ಲಿ ಹುಟ್ಟಿದ ಸಂಸ್ಥೆಯ ಚುಕ್ಕಾಣಿ ಬಾಂಗ್ಲಾದೇಶದವರೊಬ್ಬರ ಕೈಗೆ ಬಂದದ್ದು ಅದೇ ಮೊದಲು. ರೋಗಿಗಳು ಅಲ್ಲಿಯವರು, ದಾದಿಯರು ಅಲ್ಲಿಯವರು, ಮನೆಮನೆಗೆ ಹೋಗಿ ಲೆಕ್ಕ ಬರೆದುಕೊಂಡವರು ಅಲ್ಲಿಯವರು. ಮುಖ್ಯಸ್ಥರು ಮಾತ್ರ ಅರವತ್ತು ವರ್ಷ ಹೊರಗಿನವರು. ಈ ಅರವತ್ತು ವರ್ಷಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ‘ಅರ್ಹರು ತಯಾರಾಗಬೇಕಿತ್ತು’ ಎಂಬುದು. ಆ ಸೀಮೆಯ ಚರಿತ್ರೆ ಬೇರೆಯೇ ಹೇಳುತ್ತದೆ. ಅರ್ಹರು ಮೊದಲಿನಿಂದಲೂ ಇದ್ದರು. ಅರ್ಹತೆಯನ್ನು ಅಳೆಯುವ ಕೋಲು ಮತ್ತು ಹಣದ ಪೆಟ್ಟಿಗೆ ಎರಡೂ ಬೇರೆ ಕಡೆ ಇದ್ದವು.

ರೋಗ ಇಲ್ಲಿ, ಪೀಠ ಅಲ್ಲಿ ಎಂಬ ಏರ್ಪಾಡು ಹಳೆಯದು. ಬೆಂಗಳೂರಿನಲ್ಲಿ ಕಾಲರಾ ಹಬ್ಬಿದ್ದ 1895ರಲ್ಲಿ ನೈರ್ಮಲ್ಯದ ಹೊಣೆ ಹೊತ್ತು ಬಂದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡರು. 1899ರಲ್ಲಿ ಪಾಠ ಹೇಳಲು ಹೋದದ್ದು ಲಿವರ್‌ಪೂಲಿಗೆ. ಅಲ್ಲಿ 1898ರಲ್ಲಿ, ಲಂಡನ್ನಿನಲ್ಲಿ 1899ರಲ್ಲಿ ಉಷ್ಣವಲಯದ ವೈದ್ಯಶಾಲೆಗಳು ತೆರೆದಿದ್ದವು. ಸಾಮ್ರಾಜ್ಯದ ನೌಕರರು, ವರ್ತಕರು ಬದುಕಿ ಉಳಿಯಬೇಕೆಂಬುದೇ ಅವುಗಳ ಹಿಂದಿನ ದೊಡ್ಡ ಚಿಂತೆ. ಢಾಕಾದ ಪ್ರಯೋಗಾಲಯಕ್ಕೂ ಅಂಥದೇ ಜಾತಕ. ಶೀತಲ ಸಮರದ ಸೇನಾ ಕೂಟವಾದ ಸೀಟೋ ಹೆಸರಿನಲ್ಲಿ, ಅಮೆರಿಕದ ಹಣದಲ್ಲಿ, ಆಗಿನ ಪೂರ್ವ ಪಾಕಿಸ್ತಾನದಲ್ಲಿ ಅದು ಶುರುವಾಯಿತು.

ಕಾಲರಾ ಬಂದವರು ಸಾಯುವುದು ನೀರು, ಉಪ್ಪು ಬಸಿದುಹೋಗಿ. ರಕ್ತನಾಳಕ್ಕೆ ಡ್ರಿಪ್ ಹಾಕಿದರೆ ಬದುಕುತ್ತಾರೆ, ಆದರೆ ಹಳ್ಳಿಯಲ್ಲಿ ಡ್ರಿಪ್ ಎಲ್ಲಿಂದ ತರುವುದು? 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿಯೇ 186 ರೋಗಿಗಳನ್ನು ನೋಡಿಕೊಂಡ ವರದಿಯನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಯಾರೂ ಲಕ್ಷ್ಯ ಕೊಡಲಿಲ್ಲ. ಇಲ್ಲಿ ಆಕ್ಷೇಪ ಏಳುತ್ತದೆ: ಅವರ ಪುರಾವೆ ತೆಳುವಾಗಿತ್ತಲ್ಲ? ಹೌದು, ತೆಳುವಾಗಿತ್ತು. ದೇಹದಿಂದ ಎಷ್ಟು ನೀರು ಹೋಯಿತು, ಎಷ್ಟು ಒಳಸೇರಿತು ಎಂಬ ಜಮಾಖರ್ಚು ಅದರಲ್ಲಿರಲಿಲ್ಲ. ಆ ಲೆಕ್ಕ ಸಿಗಬೇಕಾದರೆ ನಡುವೆ ತೂತಿರುವ ಮಂಚ ಬೇಕು, ಕೆಳಗೆ ಗುರುತು ಹಾಕಿದ ಬಕೆಟ್ ಬೇಕು, ಗಂಟೆಗಂಟೆಗೂ ಅಳೆದು ಬರೆಯುವವರು ಬೇಕು, ರಕ್ತಪರೀಕ್ಷೆಗೆ ಪ್ರಯೋಗಾಲಯ ಬೇಕು. ‘ಕಾಲರಾ ಮಂಚ’ ಎಂದೇ ಹೆಸರಾದ ಆ ಸರಳ ಸಾಧನದ ಸುತ್ತ ಕಟ್ಟಿದ ಇಡೀ ವ್ಯವಸ್ಥೆ ವಿದೇಶಿ ಹಣದ ಸಂಸ್ಥೆಗಳಿಗೆ ದಕ್ಕಿತು, ಚಟರ್ಜಿಯವರಿಗೆ ದಕ್ಕಲಿಲ್ಲ. ಪುರಾವೆ ತೆಳುವಾದದ್ದಕ್ಕೆ ಬುದ್ಧಿಯ ಬಡತನ ಕಾರಣವಾಗಿರಲಿಲ್ಲ. ಅದೇ ಊರಿನ ಶಂಭುನಾಥ ಡೇ ಅವರ ಕಥೆಯೂ ಜತೆಗಿದೆ. ಕಾಲರಾ ಕ್ರಿಮಿ ಕರುಳಿನೊಳಗೆ ವಿಷ ಸ್ರವಿಸುತ್ತದೆಂದು 1959ರಲ್ಲಿ ‘ನೇಚರ್’ನಲ್ಲಿ ತೋರಿಸಿಕೊಟ್ಟವರು ಅವರು. ನೊಬೆಲ್ ಪ್ರತಿಷ್ಠಾನದ ವಿಚಾರಗೋಷ್ಠಿಯ ಕರೆ ಬಂದದ್ದು 1978ರಲ್ಲಿ, ನಿವೃತ್ತರಾಗಿ ಐದು ವರ್ಷವಾದ ಮೇಲೆ.

1968ರಲ್ಲಿ ಢಾಕಾದ ಪ್ರಯೋಗಾಲಯದಿಂದ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಅಮೆರಿಕನ್ ತರುಣರು ಬಂಗಾಳಿ ಸಹೋದ್ಯೋಗಿಗಳ ಜತೆ ಇದೇ ಕುಡಿಸುವ ಚಿಕಿತ್ಸೆಯ ಬಗ್ಗೆ ಬರೆದ ಪ್ರಬಂಧ ಅದೇ ‘ಲ್ಯಾನ್ಸೆಟ್’ನಲ್ಲಿ ಬಂತು. ಈ ಸಲ ಜಮಾಖರ್ಚು ಪಕ್ಕಾ ಇತ್ತು. ಮೂರು ವರ್ಷದ ನಂತರ ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದ ಓಡಿ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಗಡಿಯೂರು ಬಂಗಾಂವ್‌ನಲ್ಲಿ, ವೈದ್ಯ ದಿಲೀಪ್ ಮಹಲಾನಬಿಸ್ ಆ ಚಿಕಿತ್ಸೆಯನ್ನು ವಾರ್ಡಿನಾಚೆ ತಂದರು. ಡ್ರಿಪ್ಪಿನ ಬಾಟಲಿಗಳು ತೀರಿಹೋಗಿದ್ದವು. ಉಪ್ಪು, ಗ್ಲೂಕೋಸ್, ಸೋಡಾದ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕದಡಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ತರಬೇತಿಯಿಲ್ಲದ ಕೈಗೆ ಚಿಕಿತ್ಸೆ ಕೊಡಬಹುದೇ ಎಂದು ಹಲವರು ಹುಬ್ಬೇರಿಸಿದರು. ಶಿಬಿರಕ್ಕೆ ಬಂದು ನೋಡಿ ಇದರ ಬೆಲೆ ಅರಿತವರು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ, ಅವರು ಹುಟ್ಟಿದ್ದು ಚಿತ್ತಗಾಂಗಿನಲ್ಲಿ. ಇದು ಬರೀ ಕಾಕತಾಳೀಯ ಎನ್ನಲಾರೆ. ಬಂಗಾಂವ್‌ನ ಕೆಸರನ್ನು ಜಿನೀವಾಕ್ಕೆ ತಿಳಿಸಿ ಹೇಳಬಲ್ಲವರೊಬ್ಬರು ಜಿನೀವಾದ ಒಳಗೇ ಇದ್ದರು. 1978ರಲ್ಲಿ ‘ಲ್ಯಾನ್ಸೆಟ್’ ಈ ಚಿಕಿತ್ಸೆಯನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಎಂದು ಕರೆಯಿತು. ಮಹಲಾನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

1978ರಲ್ಲೇ ಢಾಕಾ ಸಂಸ್ಥೆ ಅಂತರರಾಷ್ಟ್ರೀಯವಾಯಿತು. ಬಳಿಕ ಬಂದ ನಿರ್ದೇಶಕರಲ್ಲಿ ಇಥಿಯೋಪಿಯಾದ ದೆಮಿಸ್ಸಿ ಹಬ್ತೆ, ಮೆಕ್ಸಿಕೊದ ಅಲೆಹಾಂದ್ರೊ ಕ್ರಾವಿಯೊಟೊ ಕೂಡ ಇದ್ದರು. ಹಾಗಾಗಿ ‘ಬಿಳಿಯರ ಗುತ್ತಿಗೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಮೇಲಿಂದ ಮೇಲೆ ಸರ್ಕಾರ ಬದಲಾಗುತ್ತಿದ್ದ ದೇಶದಲ್ಲಿ ಹೊರಗಿನ ನಿರ್ದೇಶಕ ಸ್ಥಳೀಯ ರಾಜಕಾರಣಕ್ಕೊಂದು ತಡೆಗೋಡೆಯಾಗಿದ್ದ ಎಂಬ ವಾದವನ್ನೂ ಸುಲಭವಾಗಿ ಬಿಸಾಡಲಾಗದು. ಆದರೆ ಸಂಸ್ಥೆಯ ಹೊರಗೆ ನಡೆದದ್ದನ್ನು ನೋಡಿ. ಫಜ್ಲೆ ಹಸನ್ ಅಬೇದ್ ಕಟ್ಟಿದ ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್ 1980ರಿಂದ ಹತ್ತು ವರ್ಷ ಹೆಂಗಸರನ್ನು ಸುಮಾರು 1.2 ಕೋಟಿ ಮನೆಗಳಿಗೆ ಕಳಿಸಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಕಲಿಸಬೇಕಾದ ಪಾಠ ಇಷ್ಟೇ. ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಆಮೇಲೆ ಬೇರೊಬ್ಬರು ಹೋಗಿ ಪರೀಕ್ಷಿಸುತ್ತಿದ್ದರು, ಕಲಿಸಿದವಳ ಸಂಬಳ ಆ ಉತ್ತರದ ಮೇಲೆ ನಿಂತಿತ್ತು. ಪಾಠ ಒಪ್ಪಿಸಿದ ತಾಯಂದಿರು ಆರಂಭದಲ್ಲಿ ಅದನ್ನು ಬಳಸುತ್ತಲೇ ಇರಲಿಲ್ಲ. ವಿಚಾರಿಸಿದರೆ, ಕಲಿಸುವ ಹೆಂಗಸರಿಗೇ ನಂಬಿಕೆ ಇರಲಿಲ್ಲ! ಅವರನ್ನು ಢಾಕಾಕ್ಕೆ ಕರೆದೊಯ್ದು, ಈ ನೀರು ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದರು, ಗಂಡಸರನ್ನೂ ಸೇರಿಸಿಕೊಂಡರು. ಪೊಟ್ಟಣ ಸಿಗದ ಮನೆಯಲ್ಲಿ ಬೆಲ್ಲ ಇದ್ದೀತು ಎಂಬ ಯೋಚನೆ ಆ ಅಡುಗೆಮನೆಗಳನ್ನು ಬಲ್ಲವರದು. ನಾಯಕತ್ವ ಎನ್ನುವುದು ಇದೇ ಆಗಿದ್ದರೆ, ಯಾವ ಪ್ರಶ್ನೆ ಕೇಳಬೇಕೆಂದು ನಿರ್ಧರಿಸುವ ಅಧಿಕಾರವೇ ಅದರ ತಿರುಳು. 2004ರಲ್ಲಿ ಬ್ರಾಕ್ ಸಾರ್ವಜನಿಕ ಆರೋಗ್ಯದ ಶಾಲೆಯನ್ನೇ ತೆರೆಯಿತು. ಈ ವಿದ್ಯೆಗೆ ಲಂಡನ್ನಿಗೋ ಬಾಲ್ಟಿಮೋರಿಗೋ ಹೋಗಲೇಬೇಕೆಂಬ ಕಟ್ಟು ಸಡಿಲವಾಯಿತು.

ಹಾಗಾದರೆ ಹಣವೂ ನಮ್ಮದೇ ಆದರೆ ಸಾಕೇ? ಪುಣೆಯನ್ನು ನೋಡಬೇಕು. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ಜಂಟಿ ಕೂಸು. ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದ 1957ರಲ್ಲಿ ಮಂಗನ ಕಾಯಿಲೆಯ ವೈರಸ್ ಗುರುತಿಸಿದ್ದು ಇದೇ ಕೇಂದ್ರ. ಪ್ರತಿಷ್ಠಾನ ಹಿಂದೆ ಸರಿದ ಮೇಲೆ ಖರ್ಚು ಸರ್ಕಾರದ್ದಾಯಿತು, ಮುಖ್ಯಸ್ಥರೂ ನಮ್ಮವರಾದರು. 1978ರ ಹೊತ್ತಿಗೆ ಖೋರ್ಷೆದ್ ಪಾವ್ರಿ ಎಂಬ ಮಹಿಳೆ ಅಲ್ಲಿ ನಿರ್ದೇಶಕಿ. ಢಾಕಾ ಇನ್ನೂ ನಾಲ್ಕು ದಶಕ ಕಾಯಬೇಕಿದ್ದ ಕಾಲ ಅದು. ಅಷ್ಟಾದರೂ ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು ಇತ್ತೀಚೆಗೆ ನಿಲ್ಲಿಸಬೇಕಾಯಿತು, ಮಲೆನಾಡಿನವರು ಹೊಸದಕ್ಕೆ ಕಾಯುತ್ತಲೇ ಇದ್ದಾರೆ. ಕೀಲಿಕೈ ಊರಿಗೆ ಬಂದರೂ ಪೆಟ್ಟಿಗೆ ತೆರೆಯುವವರಿಗೆ ಕಾಡಂಚಿನ ಕೂಲಿಯವರ ಜ್ವರ ನೆನಪಿರಬೇಕಲ್ಲ. ಇದು ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ, ಒಪ್ಪುತ್ತೇನೆ. ಆದರೂ ಒಂದು ಭೇದವಿದೆ. ಪುಣೆಯ ಮರೆವಿಗೆ ಶಿವಮೊಗ್ಗದಲ್ಲಿ ಧರಣಿ ಕೂರಬಹುದು, ಶಾಸನಸಭೆಯಲ್ಲಿ ಪ್ರಶ್ನೆ ಎತ್ತಬಹುದು. ವಾಷಿಂಗ್ಟನ್ನಿನ ಮರೆವಿಗೆ ಢಾಕಾ ಸಂಸ್ಥೆಯ ಸಂಶೋಧನಾ ಕ್ಷೇತ್ರವಾದ ಮತ್ಲಬ್‌ನ ರೈತ ಎಲ್ಲಿ ಕೂರಬೇಕು?

ಆ ಪ್ರಶ್ನೆ ಕಲ್ಪನೆಯದಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ ಏಕಾಏಕಿ ತಡೆ ಒಡ್ಡಿದಾಗ ಐಸಿಡಿಡಿಆರ್‌ಬಿ ಸಾವಿರಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ಬಿಡಿಸಬೇಕಾಯಿತು. ಕುರ್ಚಿಯಲ್ಲಿ ಢಾಕಾದವರೇ ಇದ್ದರು. ಕಾಲರಾ ಲಸಿಕೆಯ ಸಂಶೋಧನೆಗೆ ಮ್ಯಾಗ್ಸೆಸೆ ಪಡೆದ ಫಿರ್ದೌಸಿ ಖಾದ್ರಿಯವರಂಥ ವಿಜ್ಞಾನಿಗಳನ್ನು ಬೆಳೆಸಿದ ಮನೆ ಅದು. ಯೋಗ್ಯತೆಯ ಕೊರತೆ ಎನ್ನಲು ಯಾರಿಗೂ ಬಾಯಿ ಬರಲಾರದು. ದೂರದ ಊರಿನ ಒಂದು ಆದೇಶ ಸಾಕಾಯಿತು. ಸಂಸ್ಥೆಗೆ ಯೋಜನೆಯ ಹಂಗಿಲ್ಲದ ಮೂಲನಿಧಿ ಕೊಡುವವರಲ್ಲಿ ಬಾಂಗ್ಲಾದೇಶ ಸರ್ಕಾರವೂ ಒಂದು. ಆ ಪಾಲು ಬರುವ ವರ್ಷಗಳಲ್ಲಿ ಹಿಗ್ಗುತ್ತದೋ ಕುಗ್ಗುತ್ತದೋ ಎಂಬುದನ್ನು, ಮುಂದಿನ ನಿರ್ದೇಶಕರು ಯಾವ ದೇಶದವರು ಎಂಬುದಕ್ಕಿಂತ ಹೆಚ್ಚು ಕುತೂಹಲದಿಂದ ನೋಡಬೇಕಾಗಿದೆ.