ಏರಿಯ ಮೇಲಿನ ದಾರಿ

ಅರಸೀಕೆರೆಯನ್ನು ಬಹುಮಂದಿ ಕನ್ನಡಿಗರು ಬಲ್ಲರು. ಆದರೆ ರೈಲಿನ ಕಿಟಕಿಯಿಂದ ಬಲ್ಲರು. ಬೆಂಗಳೂರು-ಹುಬ್ಬಳ್ಳಿಯ ಹಾದಿಗೆ ಹಾಸನ-ಮೈಸೂರಿನ ಹಾದಿ ಬಂದು ಕೂಡುವ ಜಂಕ್ಷನ್ನು ಇದು. ಗಾಡಿ ನಿಂತಷ್ಟು ಹೊತ್ತು ಕಾಫಿ ಕುಡಿದು ಮುಂದೆ ಸಾಗಿದವರಿಗೆ ಊರು ಎಂದರೆ ಪ್ಲಾಟ್‌ಫಾರಂ ಅಷ್ಟೆ. ಇಲ್ಲಿ ನೆಲೆಸಲು ಬಂದ ನನಗೆ ಅದು ಸಾಲದಾಯಿತು. ಮಾರ್ಗಶಿರದ ಚಳಿ ಆಗತಾನೆ ಇಳಿದಿತ್ತು. ದಿನವೂ ಮುಂಜಾನೆ ಒಂದೊಂದು ದಿಕ್ಕಿಗೆ ನಡೆಯಲಾರಂಭಿಸಿದೆ. ಚಳಿಗಾಲದಲ್ಲಿ ಹಾಸಿಗೆ ಬಿಟ್ಟೇಳುವುದಷ್ಟೇ ಕಷ್ಟ. ಎದ್ದ ಮೇಲೆ ನಡಿಗೆ ಬಹಳ ಸುಲಭ.

ಊರಿನ ಹೆಸರೇ ನಡೆಯಬೇಕಾದ ದಾರಿಯನ್ನು ಹೇಳುತ್ತದೆ. ಅರಸಿಯ ಕೆರೆ ಅರಸೀಕೆರೆ. ಹೊಯ್ಸಳರ ಕಾಲದಲ್ಲಿ ಈ ಊರಿಗೆ ಬಲ್ಲಾಳಪುರವೆಂಬ ಘನವಾದ ಹೆಸರೂ ಇತ್ತು. ಅರಸನ ಹೆಸರು ಶಾಸನದ ಕಲ್ಲಿನಲ್ಲಿ ಉಳಿಯಿತು, ಕೆರೆಯ ಹೆಸರು ಜನರ ಬಾಯಲ್ಲಿ ಉಳಿಯಿತು. ಬಯಲುಸೀಮೆಯ ಜನ ಯಾವುದನ್ನು ಮರೆಯಲಾರರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕೆರೆಯನ್ನು ಕಾಣಲು ಚಳಿಗಾಲವೇ ತಕ್ಕ ಕಾಲ. ಮುಂಗಾರು ಹಿಂಗಾರುಗಳೆರಡೂ ಮುಗಿದಿರುತ್ತವೆ. ಮಳೆ ಕೈಕೊಡದ ವರ್ಷವಾದರೆ ನೀರು ತುಂಬಿ ನಿಂತಿರುತ್ತದೆ. ಏರಿಯ ಮಣ್ಣು ಒಣಗಿ ಕಾಲಿಗೆ ಗಟ್ಟಿಯಾಗಿರುತ್ತದೆ. ಇಳಿಜಾರಿನ ಕೆಳಬದಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಕಟ್ಟೆಯೇ ಏರಿ. ನೀರನ್ನು ಗದ್ದೆ ತೋಟಗಳಿಗೆ ಬಿಡುವುದು ತೂಬು, ಮಿಕ್ಕ ನೀರು ಹರಿದುಹೋಗುವುದು ಕೋಡಿ, ನೀರುಣ್ಣುವ ನೆಲವೆಲ್ಲ ಅಚ್ಚುಕಟ್ಟು. ತೂಬಿನಿಂದ ಕೋಡಿಯವರೆಗೆ ಒಮ್ಮೆ ನಡೆದರೆ ಸೀಮೆಯ ಏರುತಗ್ಗುಗಳು ತಾವಾಗಿ ಅರ್ಥವಾಗುತ್ತವೆ. ಈ ತೋಟ ಇಲ್ಲೇಕೆ, ಆ ಹೊಲ ಒಣಗಿರುವುದೇಕೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಇಲ್ಲಿಯ ಈಶ್ವರ ದೇವಾಲಯ 1220ರ ಸುಮಾರಿನದು. ಅದರ ತಳವಿನ್ಯಾಸ ನಕ್ಷತ್ರದಂತೆ ಕೋನಕೋನವಾಗಿದೆ. ಮುಂದೆ ನಿಂತು ನೋಡಿದವನಿಗೆ ಅದರ ಒಂದು ಪಾಲು ಮಾತ್ರ ಕಾಣುತ್ತದೆ. ಸುತ್ತ ನಡೆದವನಿಗೆ ಹೆಜ್ಜೆಹೆಜ್ಜೆಗೂ ಒಂದು ಕೋನ ಮರೆಯಾಗಿ ಇನ್ನೊಂದು ತೆರೆಯುತ್ತದೆ. ಪ್ರದಕ್ಷಿಣೆ ಭಕ್ತರಿಗೆ ವಿಧಿ, ಕಲ್ಲುಕುಟಿಗನಿಗೆ ಅದು ಲೆಕ್ಕಾಚಾರ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ದಕ್ಷಿಣದ ಗೋಡೆಗೆ ದಿನವೆಲ್ಲ ಬಿಸಿಲು. ಒಂದು ಮೂಲೆಯಲ್ಲಿ ಬೆಳಕು ಬಿದ್ದರೆ ಪಕ್ಕದ ಮೂಲೆಯಲ್ಲಿ ನೆರಳು.

ಬೇಲೂರು ಹಳೇಬೀಡುಗಳಿಗೆ ನಡೆದು ಹೋಗುವ ಮಾತಿಲ್ಲ. ಬಾಣಾವರ, ಜಾವಗಲ್ಲುಗಳನ್ನು ದಾಟಿ ಬಸ್ಸಿನಲ್ಲಿ ಹೋಗಿ, ಅಲ್ಲಿ ಇಳಿದು ನಡೆಯಬೇಕು. ಬೇಲೂರು ಯಗಚಿಯ ದಡದ ಊರು. ಅಲ್ಲಿಯ ಕೆರೆಯ ಹೆಸರು ವಿಷ್ಣುಸಮುದ್ರ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ನೋಡದವರಿಲ್ಲ. ನಾನು ಹುಡುಕಿದ್ದು ಅವುಗಳಲ್ಲಿ ಕೆಲವನ್ನು ಕಡೆದವರ ಹೆಸರುಗಳನ್ನು. ದಾಸೋಜ, ಅವನ ಮಗ ಚಾವಣ, ಇಬ್ಬರೂ ಬಳ್ಳಿಗಾವೆಯವರು. ಈಗಿನ ಶಿಕಾರಿಪುರ ತಾಲ್ಲೂಕಿನಿಂದ ಅಷ್ಟು ದೂರ ಬಂದು ಪರವೂರಿನಲ್ಲಿ ಕೆಲಸ ಮಾಡಿದವರು ತಮ್ಮ ಹೆಸರಿನ ಜೊತೆಗೆ ಊರಿನ ಹೆಸರನ್ನೂ ಕೆತ್ತಿಟ್ಟಿದ್ದಾರೆ. ಹೊಸದಾಗಿ ಊರಿಗೆ ಬಂದವನಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಹಳೇಬೀಡಿನಲ್ಲಿ ಮಾತ್ರ ಇಡೀ ದಿನ ಬೇಕು. ಹೊಯ್ಸಳೇಶ್ವರನ ಹಿಂಗೋಡೆ ಪಶ್ಚಿಮಕ್ಕಿದೆ. ಸಂಜೆ ಸೂರ್ಯ ನೈಋತ್ಯಕ್ಕೆ ಇಳಿಯುವಾಗ ಬೆಳಕು ಓರೆಯಾಗಿ ಸಾಗಿ, ಬಳಪದ ಕಲ್ಲಿನ ಸಣ್ಣ ಕೊರೆತವೂ ನೆರಳಿನಿಂದ ಎದ್ದು ಕಾಣುತ್ತದೆ. ಆ ಹೊತ್ತಿಗೆ ಪ್ರವಾಸಿಗಳ ಬಸ್ಸುಗಳು ಹೊರಡುವ ಆತುರದಲ್ಲಿರುತ್ತವೆ! ಗುಡಿಯ ಪೂರ್ವಕ್ಕೆ ಹರಡಿರುವ ಕೆರೆಯೇ ದೋರಸಮುದ್ರ. ರಾಜಧಾನಿ ಅದರಿಂದಲೇ ಹೆಸರು ಪಡೆಯಿತು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಿತು, ಕಾಲಾಂತರದಲ್ಲಿ ರಾಜಧಾನಿ ಹಳೆಯ ಬೀಡಾಯಿತು. ಕೆರೆ ಕೆರೆಯಾಗಿಯೇ ಉಳಿಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಆದರೆ ಈ ಕೆರೆ ಬಂದವರ ಚಿತ್ರಕ್ಕೆ ಬರಿಯ ಹಿನ್ನೆಲೆಯಾಗಿರುವುದನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ನೀರಿಲ್ಲದೆ ಈ ರಾಜಧಾನಿ ಎಲ್ಲಿತ್ತು, ಈ ಗುಡಿ ಎಲ್ಲಿತ್ತು? ಗುಡಿಗೆ ಕಾವಲಿಟ್ಟು ಕೆರೆಯನ್ನು ಹೂಳಿಗೆ ಬಿಟ್ಟರೆ ನಾವು ಉಳಿಸಿಕೊಂಡದ್ದು ಅರ್ಧ ಮಾತ್ರ.

ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಬಸ್ತಿಹಳ್ಳಿಯ ಜಿನಾಲಯಗಳು. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ಮುಖ ಕಾಣುತ್ತದೆ. ಮುಂದೆ ಕೇದಾರೇಶ್ವರ. ಬಿಡುವಿದ್ದವರು ಸಮೀಪದ ಹುಲಿಕೆರೆಗೂ ಹೋಗಬೇಕು. ಅಲ್ಲಿಯ ಕೊಳದಲ್ಲಿ ಸುತ್ತಲೂ ಮೆಟ್ಟಿಲುಗಳು, ಮೆಟ್ಟಿಲುಗಳ ನಡುನಡುವೆ ಪುಟ್ಟ ಪುಟ್ಟ ಗುಡಿಗಳು. ಗುಡಿ ಯಾವುದು, ನೀರಿನ ಕಟ್ಟಡ ಯಾವುದು ಎಂದು ಬೇರ್ಪಡಿಸಿ ಹೇಳಲು ಅಲ್ಲಿ ಸಾಧ್ಯವಿಲ್ಲ.