ಥರ್ಮೋಕೋಲಿನ ವಿಮಾನ: ರಚನೆ ಮತ್ತು ಹಾರಾಟ

ಪ್ಯಾರಿಸ್ ನಗರದ ಉದ್ಯಾನವೊಂದರಲ್ಲಿ 1871ರಲ್ಲಿ ಆಲ್ಫಾನ್ಸ್ ಪೆನೋ ಎಂಬ ತರುಣನು ರಬ್ಬರಿನ ಹುರಿಯನ್ನು ತಿರುಚಿ ಬಿಟ್ಟ ಪುಟ್ಟ ಮಾದರಿ ವಿಮಾನವು ತನ್ನ ಸಮತೋಲವನ್ನು ತಾನೇ ಕಾಯ್ದುಕೊಂಡು 11 ಸೆಕೆಂಡುಗಳ ಕಾಲ ಹಾರಿತು. ರೈಟ್ ಸಹೋದರರ ವಿಮಾನವು ನೆಲ ಬಿಡಲು ಆಗ ಇನ್ನೂ 32 ವರ್ಷಗಳಿದ್ದವು. ಮುಂದೆ 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು ರೇಡಿಯೋ ಅಲೆಗಳ ಮೂಲಕ ನೆಲದಿಂದಲೇ ಮಾದರಿ ವಿಮಾನವನ್ನು ನಡೆಸಿ ತೋರಿಸಿದರು. ಆ ವಿಮಾನವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯವು ಜೋಪಾನವಾಗಿರಿಸಿದೆ. ಆಟಿಕೆಯೆಂದು ಹಿರಿಯರು ಬದಿಗಿಡುವ ಈ ವಸ್ತುವಿಗೆ ಇಂಥದೊಂದು ವಂಶಾವಳಿ ಇದೆಯೆಂಬುದನ್ನು ಮೊದಲಿಗೇ ಹೇಳಿಬಿಡುವುದು ಲೇಸು.

ಹಿಂದೆ ಇಂಥ ವಿಮಾನಗಳನ್ನು ಬಾಲ್ಸಾ ಎಂಬ ಹಗುರ ಮರದಿಂದ ಕಟ್ಟುತ್ತಿದ್ದರು. ನಮ್ಮ ವಿದ್ಯಾರ್ಥಿಗಳಿಗೆ ಅದು ದುಬಾರಿ. ಗಣೇಶೋತ್ಸವದ ಮಂಟಪಕ್ಕೆ ಹಿಂದೆ ಬಳಸುತ್ತಿದ್ದ ಥರ್ಮೋಕೋಲಾದರೋ ಎಲ್ಲೆಡೆಯೂ ದೊರೆಯುತ್ತದೆ. ಅದರ ಗಾತ್ರದ ಬಹುಪಾಲು ಗಾಳಿಯೇ. ಒಂದು ಘನ ಮೀಟರು ನೀರು 1000 ಕಿಲೋಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಥರ್ಮೋಕೋಲು ಸುಮಾರು 15ರಿಂದ 20 ಕಿಲೋಗ್ರಾಂ ಮಾತ್ರ. ಒಂದು ಮೀಟರು ಉದ್ದ, 20 ಸೆಂಟಿಮೀಟರು ಅಗಲ, 2 ಸೆಂಟಿಮೀಟರು ದಪ್ಪದ ರೆಕ್ಕೆಯು 80 ಗ್ರಾಂ ಮೀರದು. ಆದರೆ ಅದು ಬಾಗಿದರೆ ಮುರಿಯುತ್ತದೆ. ಆದುದರಿಂದ ರೆಕ್ಕೆಯ ಉದ್ದಕ್ಕೂ ಬಿದಿರಿನ ಸೀಳನ್ನು ಹುದುಗಿಸಿ, ಮೇಲೆ ಅಂಟುಪಟ್ಟಿ ಹೊದಿಸಬೇಕು. ಅವಸರದ ಅಂಟು, ಪೆಟ್ರೋಲು, ಥಿನ್ನರು ಇದಕ್ಕೆ ಶತ್ರುಗಳು. ತಾಗಿದಲ್ಲಿ ಥರ್ಮೋಕೋಲು ಕರಗಿಹೋಗುತ್ತದೆ.

ಮೋಟಾರು, ಅದರ ವೇಗನಿಯಂತ್ರಕ, ಲಿಥಿಯಂ ಬ್ಯಾಟರಿ, ರೇಡಿಯೋ ಗ್ರಾಹಕ, ಚುಕ್ಕಾಣಿಗಳನ್ನು ಹೊರಳಿಸುವ ಸರ್ವೋ ಎಂಬ ಕಿರುಯಂತ್ರಗಳು, ಇಷ್ಟನ್ನು ಕೊಂಡೇ ತರಬೇಕು. ಎಲ್ಲ ಸೇರಿ ವಿಮಾನದ ತೂಕವು 600 ಗ್ರಾಮಿನೊಳಗಿದ್ದರೆ ಮೇಲಿನ ಅಳತೆಯ ರೆಕ್ಕೆಯು ಅದನ್ನು ನಿಧಾನಗತಿಯಲ್ಲಿಯೇ ಹೊರಬಲ್ಲದು. ಕಲಿಯುವವನಿಗೆ ನಿಧಾನವೇ ರಕ್ಷೆ.

ಇನ್ನು ಗುರುತ್ವಕೇಂದ್ರದ ವಿಚಾರ. ರೆಕ್ಕೆಯ ಮುಂಚೂಣಿಯಿಂದ ಅಗಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ, ಎಂದರೆ ನಮ್ಮ ರೆಕ್ಕೆಯಲ್ಲಿ 5ರಿಂದ 6 ಸೆಂಟಿಮೀಟರು ಹಿಂದೆ, ಎರಡು ಬೆರಳುಗಳ ಮೇಲೆ ಇಟ್ಟಾಗ ವಿಮಾನವು ಸಮನಾಗಿ ನಿಲ್ಲಬೇಕು. ಇದನ್ನು ನಾನು ಬಲ್ಲೆನಾದರೂ ಒಮ್ಮೆ ಉಪೇಕ್ಷಿಸಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಸರೆಯ ರಜೆಯನ್ನೆಲ್ಲ ವ್ಯಯಿಸಿ ವಿಮಾನವೊಂದನ್ನು ಕಟ್ಟಿ ತಂದಿದ್ದ. ಮೋಡ ಕವಿಯುತ್ತಿತ್ತು, ಮಳೆಗೆ ಮುನ್ನ ಹಾರಿಸಿಬಿಡೋಣವೆಂದು ಅವಸರಿಸಿದವನು ನಾನೇ. "ಸರ್, ಬ್ಯಾಟರಿ ಹಿಂದಕ್ಕಾಯಿತೇನೋ" ಎಂದು ಅವನು ಅಳುಕುತ್ತ ಹೇಳಿದ. ನಾನು ಕಿವಿಗೊಡಲಿಲ್ಲ. ಕೈಬಿಟ್ಟೊಡನೆ ಮೂತಿಯನ್ನು ಮೇಲೆತ್ತಿದ ವಿಮಾನವು ಕ್ಷಣಕಾಲ ಆಕಾಶದಲ್ಲಿ ತೂಗಾಡಿ, ವೇಗ ಕಳೆದುಕೊಂಡು, ಮಗುಚಿ ಬಿದ್ದು ಎರಡು ತುಂಡಾಯಿತು. ಹುಡುಗ ಏನೊಂದೂ ಹೇಳದೆ ತುಂಡುಗಳನ್ನು ಆಯ್ದುಕೊಂಡ. ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನಡೆದುದರ ಕಾರಣವಿಷ್ಟೆ: ಗಾಳಿಗೆ ಎದುರಾಗಿ ರೆಕ್ಕೆಯ ಕೋನವು ಒಂದು ಮಿತಿಯನ್ನು ದಾಟಿದರೆ ಅದರ ಮೇಲ್ಮೈಯನ್ನು ಅನುಸರಿಸುತ್ತಿದ್ದ ಗಾಳಿಯು ಬೇರ್ಪಟ್ಟು ಎತ್ತುವ ಬಲವು ಕುಸಿಯುತ್ತದೆ. ಬಾಲವು ಭಾರವಾದ ವಿಮಾನವು ತಾನಾಗಿಯೇ ಆ ಮಿತಿಯತ್ತ ಸರಿಯುತ್ತದೆ. ಮೂತಿ ಬೀಳುವುದನ್ನು ಕಂಡ ಹೊಸಬನು ಗಾಬರಿಯಿಂದ ಎಲಿವೇಟರನ್ನು ಇನ್ನಷ್ಟು ಎಳೆಯುವುದು ಸಹಜ. ಅದರಿಂದ ಪತನವು ಪೂರ್ಣವಾಗುತ್ತದೆ. ಎಳೆತವನ್ನು ಸಡಿಲಿಸಿ, ಮೂತಿಯನ್ನು ಇಳಿಯಬಿಟ್ಟು, ವೇಗ ಕೂಡಿದ ಮೇಲೆ ಮೆಲ್ಲನೆ ಎತ್ತುವುದೇ ಸರಿಯಾದ ಕ್ರಮ. ಇದಕ್ಕೆ ಎತ್ತರ ಬೇಕು.

ಮತ್ತೊಂದು ತೊಡಕು ಕಣ್ಣಿನದು. ವಿಮಾನವು ನಮ್ಮತ್ತ ಹಾರಿಬರುವಾಗ ಅದರ ಎಡವು ನಮ್ಮ ಬಲವಾಗುತ್ತದೆ. ಆಗ ಯಾವ ಕಡೆಯ ರೆಕ್ಕೆ ಕೆಳಗಿಳಿದು ಕಾಣುತ್ತದೆಯೋ ಆ ಕಡೆಗೇ ಸನ್ನೆಕೋಲನ್ನು ತಳ್ಳಿದರೆ ರೆಕ್ಕೆಯು ಸಮವಾಗುತ್ತದೆ. ಇದಿಷ್ಟು ನೆನಪಿದ್ದರೆ ಅರ್ಧ ಅಪಘಾತಗಳು ತಪ್ಪಿಯಾವು ಎಂಬುದು ನನ್ನ ಎಣಿಕೆ.

ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗಿಟ್ಟು ಊಟಕ್ಕೆ ಹೋಗತಕ್ಕದ್ದಲ್ಲ. ಉಬ್ಬಿದ್ದನ್ನು ಮತ್ತೆ ಬಳಸತಕ್ಕದ್ದಲ್ಲ, ಬೆಂಕಿಯ ಭಯವುಂಟು. ತಿರುಗುವ ಪಂಖದ ಮುಂದೆ ಬೆರಳಿಡಬಾರದು. 2021ರ ಡ್ರೋನ್ ನಿಯಮಗಳಂತೆ ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಕೆಂಪು ವಲಯವೆಂದು ಗುರುತಿಸಿದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಮುರಿದ ವಿಮಾನವನ್ನು ಆ ಹುಡುಗ ಮುಂದಿನ ಶನಿವಾರ ಅಂಟಿಸಿ ತಂದ. ಅಂಟಿನಿಂದ ತೂಕವು 15 ಗ್ರಾಂ ಹೆಚ್ಚಿತ್ತು. ಈ ಸಲ ಬೆರಳುಗಳ ಮೇಲಿಟ್ಟು ತೂಗಿ ನೋಡಿದವನು ಅವನು. ಬ್ಯಾಟರಿಯನ್ನು ಎರಡು ಸೆಂಟಿಮೀಟರು ಮುಂದಕ್ಕೆ ಸರಿಸಿ, ನನ್ನ ಮುಖವನ್ನೊಮ್ಮೆ ನೋಡಿದ. ನಾನು ತಲೆಯಾಡಿಸಿದೆ. ಆಟದ ಬಯಲಿನ ಮೇಲೆ ಅದು ಆರು ಸುತ್ತು ಹಾಕಿ ಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿಯಿತು.