‘ವೃತ್ತಿಚಿಕಿತ್ಸೆ’ ಎಂಬ ಪದವೂ ಅರ್ಬುದರೋಗದಿಂದ ಉಳಿದವರೂ

‘ವೃತ್ತಿಚಿಕಿತ್ಸೆ’ ಎಂಬಲ್ಲಿ ವೃತ್ತಿಯೆಂದರೆ ಜೀವನೋಪಾಯವೆಂದು ತಿಳಿಯುವುದು ಸಹಜ. ಆದರೆ ಮೀಯುವುದು, ಉಡುವುದು, ಅಡುವುದೂ ಇಲ್ಲಿ ವೃತ್ತಿಯೇ. (‘ದಿನಚರಿ ಚಿಕಿತ್ಸೆ’ ಎಂದಿದ್ದರೆ ಮೇಲಾಗುತ್ತಿತ್ತೇನೋ!) ಈ ಭೇದವನ್ನರಿಯದಿದ್ದರೆ ಸಂಬಳವಿಲ್ಲದ ಗೃಹಿಣಿಯು ಲೆಕ್ಕದಿಂದಲೇ ಬಿಟ್ಟುಹೋಗುವಳು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥಲ್ಲಿ ಗುಣಹೊಂದಿ ಬಸವನಗುಡಿಯ ಮನೆಗೆ ಮರಳಿದವಳೊಬ್ಬಳನ್ನು ಊಹಿಸೋಣ. ಸ್ತನದ ಅರ್ಬುದಕ್ಕಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ, ಕೆಲವರಿಗೆ ವರ್ಷಗಳು ಕಳೆದು ತೋಳು ಊದಿಕೊಳ್ಳುವುದುಂಟು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲಾದ ಔಷಧಗಳಿಂದ ಬೆರಳ ತುದಿ ಜೋಮುಹಿಡಿಯುವುದುಂಟು. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದೇ ಉತ್ತರ. ‘ಗಾಂಧಿಬಜಾರಿನಿಂದ ತಂದ ಬಿಡಿಹೂವನ್ನು ಕಟ್ಟಬಲ್ಲಿರಾ? ರವಿಕೆಯ ಹುಕ್ಕು ಹಾಕಿಕೊಳ್ಳಬಲ್ಲಿರಾ? ಅನ್ನದ ಪಾತ್ರೆಯನ್ನು ಇಳಿಸಬಲ್ಲಿರಾ?’ ಎಂದು ಕೇಳಿದಾಗಲೇ ಕುಂದು ಹೊರಬೀಳುವುದು. ವೃತ್ತಿಚಿಕಿತ್ಸಕರಲ್ಲಿಗೆ ಕಳುಹಿಸಬೇಕಾದವರು ಇಂಥವರೇ.